ಹೊರಗೆ ಐವತ್ತನಾಲ್ಕು

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಮುಚ್ಚಳದ ಶೆಡ್ಡಿನಲ್ಲಿ ನಾನು ಒಂದು ದಿನವೂ ದುಡಿದವಳಲ್ಲ. ಸಂಜೆ ಶಾಲೆಯಲ್ಲಿ ಆ ಶೆಡ್ಡಿನ ಒಬ್ಬಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತೆ, ಅಷ್ಟೇ ಸಲುಗೆ. ಅವಳು ಹೇಳಿದ್ದರಲ್ಲಿ ಕೆಲವು ನನಗೆ ಸರಿಯಾಗಿ ಅರ್ಥವಾಗದೆ ಹೋಗಿರಬಹುದು. ಆದರೂ ಸುಮ್ಮನಿರುವುದು ಅದಕ್ಕಿಂತ ದೊಡ್ಡ ತಪ್ಪು ಅನ್ನಿಸಿತು. ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಶೆಡ್ಡಿನಲ್ಲಿ ಅವಳನ್ನು ಲಾಯರಮ್ಮ ಎಂದು ಕರೆಯುತ್ತಿದ್ದರು. ಕೋರ್ಟಿನ ಮೆಟ್ಟಿಲು ಹತ್ತಿದವಳೇನಲ್ಲ. ಅಲ್ಲಿದ್ದ ಹದಿನೆಂಟು ಹೆಂಗಸರಲ್ಲಿ ಓದಲು ಬರುತ್ತಿದ್ದವಳು ಅವಳೊಬ್ಬಳೇ. ಔಷಧಿ ಚೀಟಿ, ಕರೆಂಟು ಬಿಲ್ಲು, ಮಕ್ಕಳ ಶಾಲೆಯ ಪತ್ರ, ಎಲ್ಲವೂ ಅವಳ ಕೈಗೆ ಬರುತ್ತಿದ್ದವು. ಏನನ್ನೇ ಆದರೂ ಎರಡು ಸಲ ಓದುತ್ತಿದ್ದಳು. ತಾನು ತಪ್ಪು ಓದಿ ಇನ್ನೊಬ್ಬರ ಮನೆ ಹಾಳಾದರೆ ಎಂಬ ಹೆದರಿಕೆ.

ಕೆಲಸ ಡಬ್ಬಿಯ ಮುಚ್ಚಳ ಒತ್ತುವುದು. ತಗಡಿನ ಬಿಲ್ಲೆಯನ್ನು ಎಡಗೈಯಿಂದ ಕೆಳಗಿನ ಅಚ್ಚಿನ ಮೇಲಿಡಬೇಕು. ಕೈ ಎಳೆದುಕೊಳ್ಳಬೇಕು. ಬಲಗಾಲಿನಿಂದ ಪೆಡಲ್ ತುಳಿಯಬೇಕು. ಮೇಲಿನ ಅಚ್ಚು ಧಡ್ ಎಂದು ಬೀಳುತ್ತದೆ. ಮುಚ್ಚಳ ತೆಗೆದು ಬುಟ್ಟಿಗೆ ಎಸೆಯಬೇಕು. ಮತ್ತೆ ಬಿಲ್ಲೆ. ಮತ್ತೆ ಕಾಲು. ಬೆಳಿಗ್ಗೆಯಿಂದ ಸಂಜೆಯವರೆಗೆ ಇಷ್ಟೇ. ಸಂಜೆ ಮನೆಗೆ ಬಂದು ಕೂತರೂ ಬಲಗಾಲು ತನ್ನಷ್ಟಕ್ಕೆ ತಾನೇ ನೆಲ ತುಳಿಯುತ್ತಿರುತ್ತದೆ.

ಹನ್ನೆರಡು ಜನ ಪ್ರೆಸ್ಸಿಗೆ, ಉಳಿದ ಆರು ಜನ ಬಿಲ್ಲೆ ತರಲು, ಬುಟ್ಟಿ ಹೊರಲು. ಹನ್ನೆರಡು ಪ್ರೆಸ್ಸು ಒಟ್ಟಿಗೆ ಬೀಳುವ ಜಾಗದಲ್ಲಿ ಮಾತು ನಡೆಯುವುದಿಲ್ಲ. ಅದಕ್ಕೆ ಅವರದ್ದೇ ಕೈಸನ್ನೆ. ನೀರು ಬೇಕಿದ್ದರೆ ಹೆಬ್ಬೆರಳು ತುಟಿಗೆ. ಕಕ್ಕಸಿಗೆ ಕಿರುಬೆರಳು. ಮೇಸ್ತ್ರಿ ಬರುತ್ತಿದ್ದಾನೆ ಎನ್ನಲು ಮೀಸೆ ತಿರುವುವುದು. ಮೇಸ್ತ್ರಿಗೆ ಮೀಸೆಯೇ ಇರಲಿಲ್ಲ. ಹಾಗಾಗಿ ಅವನಿಗೆ ಈ ಸನ್ನೆ ಯಾರದು ಎಂದು ಕೊನೆಗೂ ತಿಳಿಯಲಿಲ್ಲ.

ಪ್ರೆಸ್ಸುಗಳು ಹಳೆಯವು. ಕೆಲವಕ್ಕೆ ಒಂದು ಕೆಟ್ಟ ಚಾಳಿ. ಪೆಡಲ್ ತುಳಿಯದಿದ್ದರೂ ಅಚ್ಚು ಇನ್ನೊಂದು ಸಲ ಬಿದ್ದುಬಿಡುತ್ತಿತ್ತು. ಹೆಂಗಸರು ಅದನ್ನು ಮರುಹೊಡೆತ ಎನ್ನುತ್ತಿದ್ದರು. ಆದರೆ ಬೀಳುವ ಮೊದಲು ಯಂತ್ರದ ಹೊಟ್ಟೆಯೊಳಗೆ ಕಟಕ್ ಎಂದು ಒಂದು ಸಣ್ಣ ಸದ್ದು. ಎಳೆಯ ಕಿವಿಯವರು ಅದನ್ನು ಕೇಳಿ ಕೈ ಎಳೆದುಕೊಳ್ಳುತ್ತಿದ್ದರು. ಹಳಬರಿಗೆ ಕಿವಿ ಹೋಗಿ ವರ್ಷಗಳಾಗಿದ್ದವು. ಅವರಿಗೆ ಅದು ಹಿಮ್ಮಡಿಯಲ್ಲಿ ಗೊತ್ತಾಗುತ್ತಿತ್ತು. ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತು ದುಡಿಯುತ್ತಿದ್ದದ್ದು ಅದಕ್ಕೇ. "ನನ್ನ ಕಿವಿ ಕಾಲಿಗೆ ಇಳಿದುಬಿಟ್ಟಿದೆ ಕಣ್ರೇ" ಎನ್ನುತ್ತಿದ್ದಳು ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ. "ಇನ್ಮೇಲೆ ಓಲೆ ಬೇಡ, ಕಾಲುಂಗುರ ಸಾಕು."

ಲಾಯರಮ್ಮನ ನಾದಿನಿ ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಲಾಯರಮ್ಮನೇ ಕರೆತಂದಿದ್ದಳು. ಹುಡುಗಿಯ ಕಿವಿ ಚುರುಕು. ಪಕ್ಕದ ಪ್ರೆಸ್ಸಿನ ಕಟಕ್ ಕೂಡ ಕೇಳಿ ಪಕ್ಕದವಳ ಮೊಣಕೈ ಜಗ್ಗುತ್ತಿದ್ದಳು. ಹಾಗೆ ಇಬ್ಬರ ಕೈ ಉಳಿಸಿದ್ದಳು.

ಆ ಬೀದಿಯಲ್ಲಿ ಮೊದಲು ಬರೀ ಶೆಡ್ಡುಗಳಿದ್ದವು. ತಗಡು, ಮರ, ವೆಲ್ಡಿಂಗು. ಆಮೇಲೆ ಎದುರಿಗೆ ಐದು ಮಹಡಿಯ ಮನೆಗಳು ಎದ್ದವು. ಅವು ಏಳುವಾಗ ಎರಡು ವರ್ಷ ನೆಲ ಕೊರೆದರು, ಕಬ್ಬಿಣ ಕುಯ್ದರು, ಕಲ್ಲು ಒಡೆದರು. ಆಗ ಯಾರೂ ಸದ್ದು ಅಳೆಯಲಿಲ್ಲ. ಮನೆಗೆ ಜನ ಬಂದ ಮೇಲೆ ನಗರದ ಕಚೇರಿಯವರು ಬೀದಿಯ ಹೆಸರಿನ ಮುಂದೆ 'ವಸತಿ ಪ್ರದೇಶ' ಎಂದು ಬರೆದುಕೊಂಡರು. ಒಂದು ದಿನ ಶೆಡ್ಡಿನ ಗೇಟಿಗೆ ನೋಟೀಸು ಅಂಟಿತು.

ಊಟದ ಹೊತ್ತಿನಲ್ಲಿ ಪ್ರೆಸ್ಸು ನಿಂತಾಗ ಮೇಸ್ತ್ರಿಯೇ ಅದನ್ನು ಕಿತ್ತು ತಂದು ಲಾಯರಮ್ಮನ ಕೈಗೆ ಕೊಟ್ಟ. ಅವನಿಗೂ ಆ ಭಾಷೆ ತಲೆಗೆ ಹತ್ತಿರಲಿಲ್ಲ.

"ಹಗಲು ಹೊತ್ತು ಐವತ್ತೈದು ಡೆಸಿಬಲ್ ಮೀರಬಾರದು. ಈಗ ಇರೋದು ಎಂಬತ್ತೊಂದು. ಸರಿಪಡಿಸದಿದ್ದರೆ ಬೀಗ ಹಾಕ್ತೀವಿ ಅಂತ ಬರ್ದಿದಾರೆ."

"ಡೆಸಿಬಲ್ ಅಂದ್ರೆ ಏನೇ? ಕೇಜಿ ತರಾನಾ?" ಅವಳ ತುಟಿ ನೋಡುತ್ತಿದ್ದ ದೊಡ್ಡಕ್ಕ ಕೇಳಿದಳು.

"ಹಾಗೇ ಅಂದ್ಕೋ. ಸದ್ದಿನ ತೂಕ."

"ಹಾಗಾದ್ರೆ ನಮ್ಮೆಜಮಾನ್ರದ್ದೂ ತೂಗಿಸ್ಬೇಕು. ಗೊರಕೆ ಒಂದು ಮೂಟೆ ಆಗ್ಬಹುದು."

ಎಲ್ಲರೂ ನಕ್ಕರು. ಮೇಸ್ತ್ರಿ ನಗಲಿಲ್ಲ. "ನಗ್ರಿ, ನಗ್ರಿ. ಬೀಗ ಬಿದ್ರೆ ನಾಳೆಯಿಂದ ಮನೇಲೇ ಕೂತು ನಗ್ಬಹುದು" ಎಂದ. ನಗು ನಿಂತಿತು.

ಲಾಯರಮ್ಮ ಕಾಗದವನ್ನು ಮನೆಗೆ ಒಯ್ದಳು. ಮರುದಿನ ಅರ್ಧ ದಿನ ರಜೆ ಹಾಕಿ ಕಚೇರಿಗೆ ಹೋಗಿ ನಿಯಮದ ಪುಸ್ತಕದ ಪ್ರತಿ ತಂದಳು. ಗೊತ್ತಿಲ್ಲದ ಪದಕ್ಕೆ ಗೆರೆ ಎಳೆದು ಸಂಜೆ ಶಾಲೆಯ ಮೇಷ್ಟ್ರ ಹತ್ತಿರ ಕೇಳಿದಳು. ಮೂರನೇ ದಿನ ಒಂದು ಸಾಲು ಸಿಕ್ಕಿತು. ಶಬ್ದವನ್ನು ಅಳೆಯತಕ್ಕದ್ದು ಆವರಣದ ಗಡಿಯಿಂದ ಹೊರಗೆ.

ಓಡಿಹೋಗಿ ಮೇಸ್ತ್ರಿಗೆ ಹೇಳಿದಳು. ಅವಳಿಗೆ ಖುಷಿಯಾಗಿತ್ತು. ಮೊದಲ ಸಲ ಅಕ್ಷರದಿಂದ ಹದಿನೆಂಟು ಜನರ ಅನ್ನ ಉಳಿಯುವ ಹಾಗಿತ್ತು.

"ಅವರು ಅಳೆಯೋದು ಹೊರಗೆ ಮಾತ್ರ. ಬೀದಿ ಕಡೆ ಕಿಟಕಿ ಸ್ವಲ್ಪ ದಿನ ಮುಚ್ಚಿದ್ರೆ ಕಡಿಮೆ ಆಗುತ್ತೆ. ನೆಲ ಅದುರೋದು ಗೋಡೆಗೆ ಹತ್ತದ ಹಾಗೆ ರಬ್ಬರ್ ಹಾಸ್ಬಹುದು ಅಂತಾನೂ ಇದರಲ್ಲಿದೆ."

"ಶಹಬ್ಬಾಸ್ ಲಾಯರಮ್ಮ!" ಎಂದ ಮೇಸ್ತ್ರಿ. ಮಾಲೀಕನಿಗೆ ಫೋನು ಹಚ್ಚಿದ.

ಅವಳು ಹೇಳಿದ್ದು ಕಿಟಕಿ ಮುಚ್ಚಿ ಎಂದು. ಅವರು ಇಟ್ಟಿಗೆ ಕಟ್ಟಿದರು. ಬೀದಿ ಕಡೆಯ ನಾಲ್ಕು, ಹಿಂದಿನ ಎರಡು. ಮೇಲಿನ ಗಾಳಿಗೂಡಿಗೆ ಹಳೆಯ ಹಾಸಿಗೆ ತುರುಕಿದರು. ಕಾಲ ಕೆಳಗೆ ದಪ್ಪ ರಬ್ಬರ್ ಹಾಸಿದರು. ಉಳಿದದ್ದು ಒಂದು ಕಬ್ಬಿಣದ ಬಾಗಿಲು. ಸೆಕೆ ತಾಳಲಾರದೆ ಯಾರೋ ಅದನ್ನು ಒಂದು ಗೇಣು ತೆರೆದಿಟ್ಟಿದ್ದಕ್ಕೆ ಮೇಸ್ತ್ರಿ ಹೊರಗಡೆಯಿಂದ ಚಿಲಕ ಹಾಕಲು ಶುರು ಮಾಡಿದ. ಬೆಳಿಗ್ಗೆ ಹಾಕಿದರೆ ಊಟಕ್ಕೆ ತೆಗೆಯುತ್ತಿದ್ದ. ಊಟವಾದ ಮೇಲೆ ಹಾಕಿದರೆ ಸಂಜೆ.

ಹೊರಗೆ ಹೋಗುತ್ತಿದ್ದ ಸದ್ದು ಈಗ ಹೋಗಲು ದಾರಿಯಿಲ್ಲದೆ ಒಳಗೇ ತಿರುಗಿತು. ಗೋಡೆಗೆ ಬಡಿದು ಬಂದು ಮುಖಕ್ಕೆ ಹೊಡೆಯಿತು. ಹಲ್ಲಿನ ಸಂದಿ ನೋಯುತ್ತಿತ್ತು. ಇಬ್ಬರು ವಾಂತಿ ಮಾಡಿದರು. ಬೆವರು ಸೀರೆಯ ನೆರಿಗೆಯಿಂದ ರಬ್ಬರಿಗೆ ತೊಟ್ಟಿಕ್ಕಿ ಕಾಲು ಜಾರುತ್ತಿತ್ತು. ಕಚೇರಿಯವನು ಮೀಟರು ಹಿಡಿದು ಬಂದ. ಹೆಂಗಸರು ಅವನಿಗೆ ಸದ್ದಿನ ಸಾಹೇಬ ಎಂದು ಹೆಸರಿಟ್ಟರು. ಅವನು ಬೀದಿಯಲ್ಲಿ ನಿಂತು ಅಳೆದ. ಐವತ್ತನಾಲ್ಕು.

"ಪಾಸು!" ಎಂದು ಮೇಸ್ತ್ರಿ ಬಾಗಿಲಲ್ಲಿ ನಿಂತು ಕೈ ಎತ್ತಿ ತೋರಿಸಿದ. ಹೆಂಗಸರು ಚಪ್ಪಾಳೆ ತಟ್ಟಿದರು. ಲಾಯರಮ್ಮನೂ ತಟ್ಟಿದಳು.

ನಾದಿನಿಯ ಬೆರಳು ಹೋದದ್ದು ಅದಾಗಿ ಎಂಟನೇ ದಿನ.

ಮರುಹೊಡೆತ ಬಿತ್ತು. ಕಟಕ್ ಎಂದಿತ್ತೋ ಇಲ್ಲವೋ, ಆ ಗದ್ದಲದಲ್ಲಿ ಹುಡುಗಿಗೆ ಕೇಳಲಿಲ್ಲ. ಪಕ್ಕದಲ್ಲಿದ್ದ ದೊಡ್ಡಕ್ಕನ ಹಿಮ್ಮಡಿಗೂ ಗೊತ್ತಾಗಲಿಲ್ಲ. ಕೆಳಗೆ ರಬ್ಬರಿತ್ತು. ಎಡಗೈಯ ಎರಡು ಬೆರಳು ಅಚ್ಚಿನಲ್ಲಿ ಉಳಿದವು. ಹುಡುಗಿ ಕೂಗಿದಳು. ಯಾರಿಗೂ ಕೇಳಲಿಲ್ಲ. ಮೂರು ಅಡಿ ದೂರದಲ್ಲಿದ್ದ ದೊಡ್ಡಕ್ಕ ಇನ್ನೂ ನಾಲ್ಕು ಮುಚ್ಚಳ ಒತ್ತಿದಳು. ನಾಲ್ಕನೆಯದನ್ನು ಬುಟ್ಟಿಗೆ ಎಸೆಯಲು ತಿರುಗಿದಾಗ ಬುಟ್ಟಿಯ ಮುಚ್ಚಳಗಳು ಕೆಂಪಾಗಿದ್ದವು.

ಯಂತ್ರ ನಿಲ್ಲಿಸಿದರು. ಲಾಯರಮ್ಮ ತನ್ನ ಸೆರಗು ಹರಿದು ಕೈಗೆ ಸುತ್ತಿದಳು. ಹದಿನೇಳು ಜನ ಬಾಗಿಲು ಬಡಿದರು. ಕೈಯಿಂದ ಬಡಿದರು, ಬುಟ್ಟಿಯಿಂದ ಬಡಿದರು, ಒದ್ದರು. ಚಿಲಕ ಹೊರಗಿತ್ತು. ಮೇಸ್ತ್ರಿ ಬೀದಿಯ ತುದಿಯಲ್ಲಿ ಟೀ ಕುಡಿಯುತ್ತಿದ್ದ. ಹಾಸಿಗೆ, ಇಟ್ಟಿಗೆ, ರಬ್ಬರು ಎಲ್ಲವೂ ತಮ್ಮ ಕೆಲಸ ಚೆನ್ನಾಗಿ ಮಾಡಿದವು. ಊಟದ ಹೊತ್ತಾಗಿ ಅವನು ತಾನಾಗಿ ಬಂದು ತೆಗೆಯುವವರೆಗೆ ಯಾರಿಗೂ ಏನೂ ಗೊತ್ತಾಗಲಿಲ್ಲ.

"ಹುಡುಗಿ ಎಲ್ಲೋ ನೋಡ್ಕೊಂಡು ಕೆಲಸ ಮಾಡ್ತಿದ್ಲು" ಎಂದು ಮೇಸ್ತ್ರಿ ಮಾಲೀಕನಿಗೆ ಹೇಳಿದ. ಹಾಗೇ ಬರೆಸಿಕೊಂಡರು.

ಮನೆಯಲ್ಲಿ ಅತ್ತೆ ಒಂದೇ ಮಾತು ಹೇಳಿದಳು. "ನೀನೇ ಅಲ್ವಾ ಕರ್ಕೊಂಡು ಹೋಗಿದ್ದು?" ಗಂಡ ತಂಗಿಯ ಹಾಸಿಗೆಯ ಪಕ್ಕ ಕೂತು ನೆಲ ನೋಡುತ್ತಿದ್ದ. ನಾದಿನಿ ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಲಾಯರಮ್ಮನಿಗೆ ಅದೇ ಸಹಿಸಲಾಗಲಿಲ್ಲ.

"ಅತ್ತಿಗೆ, ನಂಗೆ ಮುಂಚೆ ಕೇಳಿಸ್ತಿತ್ತು ಅಲ್ವಾ?"

"ಹೂಂ."

"ಕಿಟಕಿ ಮುಚ್ಚಿದ್ಮೇಲೆ ಎಲ್ಲಾ ಸದ್ದೂ ಕಲಸಿಹೋಯ್ತು. ಹೇಳೋಣ ಅಂದ್ಕೊಂಡೆ. ನೀನು ಅಷ್ಟು ಕಷ್ಟಪಟ್ಟು ಓದಿ ಮಾಡಿಸಿದ್ದು ಅಂತ ಸುಮ್ನಾದೆ."

ಲಾಯರಮ್ಮ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಮಾಡಲು ಏನೂ ಇರಲಿಲ್ಲ. ತೊಳೆದಿಟ್ಟ ತಟ್ಟೆಗಳನ್ನೇ ಮತ್ತೆ ತೊಳೆದಳು.

ಮಾರನೆಯ ದಿನ ಮೇಸ್ತ್ರಿಯನ್ನು ಕೇಳಿದಳು. "ಹಿಂದಿನ ಒಂದು ಕಿಟಕಿನಾದ್ರೂ ಒಡೆಸಿ. ರಬ್ಬರ್ ತೆಗೆಸಿ. ಚಿಲಕ ಹಾಕ್ಬೇಡಿ."

"ಏನಮ್ಮಾ ಇದು, ನೀನೇ ಓದಿ ಹೇಳಿದ್ದಲ್ವಾ? ಈಗ ನೀನೇ ಒಡೀರಿ ಅಂದ್ರೆ? ಮೀಟರ್ ಅರವತ್ತು ತೋರಿಸಿದ್ರೆ ಬೀಗ. ಹದಿನೇಳು ಮನೆ ಒಲೆ ನೀನು ಹಚ್ತೀಯಾ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಕಚೇರಿಗೆ ಹೋದಳು. ಗುಮಾಸ್ತ ತಲೆಯೆತ್ತದೆ ಕೇಳಿದ. "ದೂರು ಕೊಟ್ಟೋರಾ, ನೋಟೀಸ್ ಬಂದೋರಾ?"

"ಎರಡೂ ಅಲ್ಲ ಸರ್. ನಾನು ಒಳಗಿರೋಳು."

"ಒಳಗೆ ಅಂದ್ರೆ?"

"ಸದ್ದಿನ ಒಳಗೆ."

ಈಗ ಅವನು ತಲೆಯೆತ್ತಿದ. "ನೋಡಮ್ಮಾ, ನಮ್ಮದು ಹೊರಗಿನ ಶಬ್ದ. ಒಳಗಿಂದು ಬೇರೆ ಇಲಾಖೆ. ಮೇಲಿನ ಮಹಡಿ."

ಮೇಲಿನ ಮಹಡಿಯವರು ರಿಜಿಸ್ಟರು ತೆಗೆದು ನೋಡಿದರು. ಅಷ್ಟು ಕಡಿಮೆ ಜನ ಇರುವ ಶೆಡ್ಡು ತಮ್ಮ ಪಟ್ಟಿಗೆ ಬರುವುದಿಲ್ಲ ಎಂದರು. ಹಾಗಾದರೆ ಯಾರ ಪಟ್ಟಿಗೆ ಬರುತ್ತದೆ ಎಂದು ಕೇಳಿದಳು. ಅವರು ಕೆಳಗಿನ ಮಹಡಿ ತೋರಿಸಿದರು.

ಮೆಟ್ಟಿಲ ಮೇಲೆ ಕೂತು ನಿಯಮದ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದಳು. ನಿದ್ದೆ ಮಾಡುವವರ ಬಗ್ಗೆ ಇತ್ತು. ಆಸ್ಪತ್ರೆಯ ಬಗ್ಗೆ ಇತ್ತು, ಶಾಲೆಯ ಬಗ್ಗೆ ಇತ್ತು. ಸದ್ದು ಮಾಡುವ ಯಂತ್ರದ ಬಗ್ಗೆ ಪುಟಗಟ್ಟಲೆ ಇತ್ತು. ಯಂತ್ರದ ಮುಂದೆ ನಿಂತವರ ಬಗ್ಗೆ ಒಂದು ಸಾಲೂ ಇರಲಿಲ್ಲ. ತಾನು ಸರಿಯಾಗಿ ಓದಿಲ್ಲವೇನೋ ಎಂದು ಎರಡನೇ ಸಲ ಓದಿದಳು. ಇರಲಿಲ್ಲ.

ದೂರು ಕೊಟ್ಟಿದ್ದು ಎದುರು ಕಟ್ಟಡದ ಮೂರನೇ ಮಹಡಿಯ ಬಾಣಂತಿ. ಒಂದು ದಿನ ಲಾಯರಮ್ಮ ಅವಳನ್ನು ಬೀದಿಯಲ್ಲಿ ಕಂಡಳು. ಕಣ್ಣ ಸುತ್ತ ಕಪ್ಪು, ಹೆಗಲ ಮೇಲೆ ಮಗು. "ಈಗ ಪಾಪು ಮಲಗುತ್ತೆ, ತುಂಬಾ ಉಪಕಾರವಾಯ್ತು" ಎಂದಳು ಆಕೆ. ಬೈಯಲು ಹೊರಟಿದ್ದ ಲಾಯರಮ್ಮ ಮಗುವಿನ ಕಾಲು ಮುಟ್ಟಿ ಮುಂದೆ ಹೋದಳು.

ಆ ವಾರ ಮೇಸ್ತ್ರಿ ಅವಳನ್ನು ಕರೆದ. "ನಾಳೆ ಕೊನೇ ಅಳತೆ. ಇದೊಂದು ಆದ್ರೆ ಖಾಯಂ ಸರ್ಟಿಫಿಕೇಟು. ಈಗ ಹೇಗಿದೆಯೋ ಹಾಗೇ ಇರ್ಬೇಕು ಅಂತ ಅದರಲ್ಲಿ ಬರೀತಾರೆ. ಕೆಲಸದವರ ಕಡೆಯಿಂದ ಒಂದು ಸಾಕ್ಷಿ ಸಹಿ ಬೇಕಂತೆ. ಹೆಬ್ಬೆಟ್ಟು ನಡೆಯಲ್ಲ. ನೀನೇ ಹಾಕ್ಬೇಕು."

ಅವಳಿಗೆ ಅರ್ಥವಾಯಿತು. ನಾಳೆಯ ನಂತರ ಇಟ್ಟಿಗೆ ತೆಗೆಯುವುದೇ ಕಾನೂನು ಮುರಿದ ಹಾಗೆ. ಬಾಗಿಲು ತೆರೆದಿಡುವುದೂ ಅಷ್ಟೇ. ಅದರ ಕೆಳಗೆ ತನ್ನ ಸಹಿ.

ಬೆಳಿಗ್ಗೆ ಪ್ರೆಸ್ಸು ಶುರುವಾಗುವ ಮೊದಲು ಎಲ್ಲರನ್ನೂ ಸೇರಿಸಿ ಹೇಳಿದಳು. ಮರೆಮಾಚಲಿಲ್ಲ. "ಸಹಿ ಹಾಕಿದ್ರೆ ಕೆಲಸ ಉಳಿಯುತ್ತೆ, ಆದ್ರೆ ಹೀಗೇ ಉಳಿಯುತ್ತೆ. ಹಾಕದಿದ್ರೆ ಬೀಗ ಬೀಳಬಹುದು. ಮೊದಲ ತಪ್ಪು ನಂದು. ಕಿಟಕಿ ಮುಚ್ಚಿಸಿದ್ದು ನಾನು."

ಒಬ್ಬಳು ಕೆರಳಿದಳು. "ನಿನ್ನ ಗಂಡನಿಗೆ ಕೆಲಸ ಇದೆ, ನಿಂಗೇನಮ್ಮಾ. ನನ್ನ ಮನೇಲಿ ನಾನೊಬ್ಳೇ ದುಡಿಯೋಳು. ಸುಮ್ನೆ ಸಹಿ ಹಾಕು."

"ಹಾಕ್ಲಿ ಬಿಡು" ಎಂದಳು ಇನ್ನೊಬ್ಬಳು. "ನಾಳೆ ಹೋಗೋದು ನಿನ್ನ ಬೆರಳಾದ್ರೆ ಆ ಸಹಿ ನಿನ್ನ ಒಲೆ ಹಚ್ಚುತ್ತಾ?"

ದೊಡ್ಡಕ್ಕ ಎಲ್ಲರ ತುಟಿಗಳನ್ನೂ ನೋಡುತ್ತಿದ್ದಳು. ಅವಳಿಗೆ ಎಷ್ಟು ತಿಳಿಯಿತೋ. ಕೊನೆಗೆ ಹೇಳಿದಳು. "ಆ ಹುಡುಗಿ ನನ್ನ ಪಕ್ಕದಲ್ಲಿ ಕೂಗಿದ್ಲು. ನಾನು ಮುಚ್ಚಳ ಒತ್ತಿದೆ. ನಾಲ್ಕು." ನಾಲ್ಕು ಬೆರಳು ಎತ್ತಿ ತೋರಿಸಿದಳು. ಎತ್ತಿದ ಕೈ ಇಳಿಸಲಿಲ್ಲ. ಅಷ್ಟರಲ್ಲಿ ಮೋಟಾರು ಹಾಕಿದರು.

ಹನ್ನೊಂದು ಗಂಟೆಗೆ ಸಾಹೇಬ ಬಂದ. ಮೇಸ್ತ್ರಿ ಲಾಯರಮ್ಮನನ್ನು ಹೊರಗೆ ಕರೆದು, ಹಿಂದಿನಿಂದ ಚಿಲಕ ಹಾಕಿದ. ಬಿಸಿಲಿಗೆ ಅವಳ ಕಣ್ಣು ಕುಕ್ಕಿತು. ಬೀದಿ ತಣ್ಣಗಿತ್ತು. ಒಂದು ಸೈಕಲ್ಲಿನ ಬೆಲ್ಲು ಕೇಳಿತು. ತಾನು ಈಗಷ್ಟೇ ಬಿಟ್ಟು ಬಂದ ಜಾಗ ಗೋಡೆಯ ಹಿಂದೆ ಎಲ್ಲೋ ದೂರದಲ್ಲಿ ಗುಂಯ್‌ಗುಡುತ್ತಿತ್ತು. ಅಷ್ಟೇ.

ಸಾಹೇಬ ಮೀಟರು ಎತ್ತಿ ಹಿಡಿದ. "ಐವತ್ತನಾಲ್ಕು. ಒಳ್ಳೇದು." ಕಾಗದವನ್ನು ರಟ್ಟಿನ ಮೇಲಿಟ್ಟು ಪೆನ್ನು ಕೊಟ್ಟ. "ಇಲ್ಲಿ ಸಹಿ ಮಾಡಮ್ಮಾ."

ಅವಳು ಓದಿದಳು. 'ಸದರಿ ಘಟಕದ ಶಬ್ದದಿಂದ ಯಾರಿಗೂ ಯಾವುದೇ ತೊಂದರೆ ಇರುವುದಿಲ್ಲ.' ಎರಡನೇ ಸಲ ಓದಿದಳು.

"ಸರ್, ಯಾರಿಗೂ ಅಂದ್ರೆ ಯಾರು?"

"ಯಾರಿಗೂ ಅಂದ್ರೆ ಯಾರಿಗೂ."

"ಒಳಗೆ ಬಂದು ಒಂದ್ಸಲ ಅಳೀತೀರಾ?"

"ಒಳಗೆ ಅಳೆಯೋಕೆ ನಂಗೆ ಅಧಿಕಾರ ಇಲ್ಲ."

"ಲಾಯರಮ್ಮಾ, ಸಾಹೇಬ್ರ ಟೈಮ್ ಹಾಳು ಮಾಡ್ಬೇಡ" ಎಂದ ಮೇಸ್ತ್ರಿ.

ಧೈರ್ಯ ಬಂದು ಮಾಡಿದ್ದಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. ಪೆನ್ನನ್ನು ಕಾಗದದ ಮೇಲೆ ಇಟ್ಟಳು. ತಿರುಗಿದಳು. ಚಿಲಕ ಎಳೆದಳು. ಎರಡೂ ಕೈಯಿಂದ ಬಾಗಿಲು ನೂಕಿದಳು.

ಸದ್ದು ಹೊರಗೆ ಬಿತ್ತು.

ಸಾಹೇಬ ಎರಡು ಹೆಜ್ಜೆ ಹಿಂದೆ ಸರಿದ. ಬೀದಿಯ ನಾಯಿ ಎದ್ದು ಓಡಿತು. ಎದುರು ಕಟ್ಟಡದ ಕಿಟಕಿಗಳಲ್ಲಿ ಮುಖಗಳು ಕಂಡವು. ಮೂರನೇ ಮಹಡಿಯಲ್ಲಿ ಮಗು ಅಳತೊಡಗಿತ್ತು. ಅಳುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಲಾಯರಮ್ಮ ಅದನ್ನೂ ನೋಡಿದಳು. ಮೀಟರಿನ ಅಂಕಿ ಓಡುತ್ತಿತ್ತು. ಎಪ್ಪತ್ತು. ಎಂಬತ್ತಾರು. ತೊಂಬತ್ತು.

ಮೇಸ್ತ್ರಿ ಬಾಗಿಲು ಎಳೆಯಲು ಬಂದ. ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಕಾಲು ಒಳಗೆ, ಬೆನ್ನು ಬಾಗಿಲಿಗೆ. ಅವನು ಅವಳ ತೋಳು ಹಿಡಿದು ಜಗ್ಗಿದ. ಏಳಲಿಲ್ಲ. ಅವನು ಅವಳನ್ನು ದಾಟಿ ಒಳಗೆ ನುಗ್ಗಿ ಎರಡೂ ಕೈ ಮೇಲೆತ್ತಿ ಬೀಸಿದ. ನಿಲ್ಲಿಸಿ, ನಿಲ್ಲಿಸಿ! ಹದಿನೈದು ವರ್ಷದಿಂದ ಕೆಲಸ ನಿಲ್ಲಿಸಬೇಡಿ ಎಂದು ಕೂಗಿದ ಮನುಷ್ಯ.

ಹೆಂಗಸರು ಅವನನ್ನು ನೋಡಿದರು. ಹೊಸ್ತಿಲ ಮೇಲೆ ಕೂತವಳನ್ನೂ ನೋಡಿದರು. ಬಾಗಿಲಿನಿಂದ ಗಾಳಿ ಬರುತ್ತಿತ್ತು.

ದೊಡ್ಡಕ್ಕ ಕಿವಿಗೆ ಕೈ ಹಚ್ಚಿ, ಏನಂದ್ರಿ ಎನ್ನುವ ಹಾಗೆ ತಲೆಯಾಡಿಸಿದಳು. ಬಿಲ್ಲೆ ಇಟ್ಟಳು. ಪೆಡಲ್ ತುಳಿದಳು. ಪಕ್ಕದವಳೂ ತುಳಿದಳು. ಬೆಳಿಗ್ಗೆ ಸಹಿ ಹಾಕು ಎಂದು ಬೈದವಳು ಪೆಡಲಿನಿಂದ ಕಾಲು ತೆಗೆದಳು. ಮೇಸ್ತ್ರಿ ಅವಳ ಹತ್ತಿರ ಓಡಿಹೋಗಿ ಮುಖಕ್ಕೆ ಮುಖ ಕೊಟ್ಟು ಕೂಗಿದ. ಅವಳೂ ಕಿವಿಗೆ ಕೈ ಹಚ್ಚಿದಳು. ತುಳಿದಳು. ಲಾಯರಮ್ಮನ ಪ್ರೆಸ್ಸಿಗೂ ಬುಟ್ಟಿ ಹೊರುವವಳೊಬ್ಬಳು ನಿಂತಿದ್ದಳು. ಹನ್ನೊಂದು ಪ್ರೆಸ್ಸು ಬಿದ್ದವು. ನಾದಿನಿಯದು ಮಾತ್ರ ನಿಂತಿತ್ತು.

"ಈಗ ಬರೀರಿ ಸರ್" ಎಂದಳು ಲಾಯರಮ್ಮ. ಅವನಿಗೆ ಕೇಳಲಿಲ್ಲ. ಅವಳು ಗಾಳಿಯಲ್ಲಿ ಬರೆಯುವ ಹಾಗೆ ಬೆರಳಾಡಿಸಿ ತೋರಿಸಿದಳು. ಅವನು ಮೀಟರು ನೋಡಿದ. ಅವಳನ್ನು ನೋಡಿದ. ಒಳಗೆ ಬಗ್ಗಿ ನೋಡಿದ. ಬರೆದ. ತೊಂಬತ್ಮೂರು.

ಮೇಸ್ತ್ರಿ ಹೋಗಿ ಮೇನ್ ಸ್ವಿಚ್ಚು ಇಳಿಸುವಷ್ಟರಲ್ಲಿ ಕಾಗದ ಸಾಹೇಬನ ಚೀಲ ಸೇರಿತ್ತು.

ಮರುದಿನ ಬೆಳಿಗ್ಗೆ ಕಬ್ಬಿಣದ ಬಾಗಿಲಿಗೆ ಬೀಗ ಬಿದ್ದಿತ್ತು. ಅರಗಿನ ಮೊಹರು. ಹದಿನೇಳು ಹೆಂಗಸರು ಊಟದ ಡಬ್ಬಿ ಹಿಡಿದು ಬೀದಿಯಲ್ಲಿ ನಿಂತರು. ದೊಡ್ಡಕ್ಕ ನೆರಳು ನೋಡಿ ಕೂತು ಡಬ್ಬಿ ಬಿಚ್ಚಿದಳು. ಒಬ್ಬೊಬ್ಬರೇ ಕೂತರು. ಒಬ್ಬಳು ಮಾತ್ರ ಕೂರದೆ ಹೊರಟುಹೋದಳು. ತಿರುಗಿ ನೋಡಲಿಲ್ಲ.

ಮೊಹರಿನ ಕೆಳಗೆ ಅಂಟಿಸಿದ ಕಾಗದವನ್ನು ಲಾಯರಮ್ಮ ಓದಿದಳು. ಅದರಲ್ಲಿ ತೊಂಬತ್ಮೂರು ಇತ್ತು. ಬೆರಳಿನ ಮಾತು ಇರಲಿಲ್ಲ. ಚಿಲಕದ ಮಾತೂ ಇರಲಿಲ್ಲ. ಎದುರು ಮನೆಗಳ ನೆಮ್ಮದಿಗೆ ಭಂಗ ಎಂದಷ್ಟೇ ಇತ್ತು.

ಮೊಹರು ಯಾವಾಗ ತೆಗೆಯುತ್ತಾರೆ, ತೆಗೆದರೆ ಕಿಟಕಿಯ ಇಟ್ಟಿಗೆ ಇರುತ್ತದೋ ಇಲ್ಲವೋ, ಮಾಲೀಕ ಬೇರೆ ಬೀದಿಯಲ್ಲಿ ಇನ್ನೊಂದು ಶೆಡ್ಡು ಹುಡುಕುತ್ತಿದ್ದಾನೆ ಎಂಬುದು ನಿಜವೋ, ನನಗೆ ಗೊತ್ತಿಲ್ಲ. ತಿರುಗಿ ನೋಡದೆ ಹೋದವಳ ಮನೆಯಲ್ಲಿ ಈಗ ಏನು ಬೇಯುತ್ತಿದೆ ಎಂಬುದೂ ಗೊತ್ತಿಲ್ಲ. ನೀನು ಮಾಡಿದ್ದು ಸರಿ ಎಂದು ನಾನು ಲಾಯರಮ್ಮನಿಗೆ ಹೇಳಲು ಹೋದೆ. ಅವಳು ಕೇಳಲಿಲ್ಲ. ಸರಿಯೋ ತಪ್ಪೋ, ನನಗೂ ಖಾತ್ರಿಯಿಲ್ಲ.